ಯುದ್ಧ ಗೆದ್ದ ಪಕ್ಷ ಚುನಾವಣೆ ಸೋತದ್ದೇಕೆ? ಘಾಟ್ಕೋಪರ್ ಕಂಡ ಕಾಂಗ್ರೆಸ್‌ನ ಏಳುಬೀಳು

ಮುಂಬೈನ ಘಾಟ್ಕೋಪರ್ ಪಶ್ಚಿಮದ ಮುಖ್ಯರಸ್ತೆಯ ಹೆಸರು ಎಲ್‌ಬಿಎಸ್ ಮಾರ್ಗ. ರಿಕ್ಷಾದವರಿಗೆ ಅಷ್ಟು ಹೇಳಿದರೆ ಸಾಕು. ಹಿಂದೆ ಆಗ್ರಾ ರಸ್ತೆ ಎನಿಸಿಕೊಂಡಿದ್ದ ಇದಕ್ಕೆ ಈಗಿರುವುದು 1965ರ ಯುದ್ಧಕಾಲದ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರ ಹೆಸರು. ಈ ರಸ್ತೆಯ ಆಚೀಚೆ ಇರುವ ಮತದಾರರು 1967ರಲ್ಲಿ ದೇಶದ ಮಾಜಿ ರಕ್ಷಣಾ ಸಚಿವರೊಬ್ಬರನ್ನು ಎರಡು ತಿಂಗಳ ಅಂತರದಲ್ಲಿ ಎರಡು ಸಲ ಸೋಲಿಸಿದರು. 1971ರಲ್ಲಿ ಇಂದಿರಾ ಗಾಂಧಿ ಅವರ ಪಕ್ಷವನ್ನು ಗೆಲ್ಲಿಸಿದರು. 1977ರಲ್ಲಿ ಅದೇ ಇಂದಿರಾ ಸರ್ಕಾರದ ಪೊಲೀಸರು ತಿಂಗಳುಗಟ್ಟಲೆ ಹುಡುಕಿದ್ದ ವ್ಯಕ್ತಿಯನ್ನು ಲೋಕಸಭೆಗೆ ಕಳಿಸಿದರು.

ಹತ್ತು ವರ್ಷದಲ್ಲಿ ಇಷ್ಟೊಂದು ತಿರುವು ಹೇಗೆ? ಇದಕ್ಕೆ ಉತ್ತರ ಹುಡುಕುವ ಮೊದಲು ಒಂದು ಸಣ್ಣ ಲೆಕ್ಕ ನೋಡಬೇಕು.

ಹತ್ತೂವರೆ ವರ್ಷದ ತುರ್ತು ಪರಿಸ್ಥಿತಿ

'ತುರ್ತು ಪರಿಸ್ಥಿತಿ' ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1975ರ ಜೂನ್ 25. ಅದು ಮೂರನೆಯದು. ಮೊದಲನೆಯದನ್ನು ಘೋಷಿಸಿದ್ದು ಚೀನಾ ಯುದ್ಧದ ವೇಳೆ, 1962ರ ಅಕ್ಟೋಬರ್ 26ರಂದು. ಯುದ್ಧ ಶುರುವಾಗಿದ್ದು ಅಕ್ಟೋಬರ್ 20ಕ್ಕೆ, ಚೀನಾ ಕದನವಿರಾಮ ಘೋಷಿಸಿದ್ದು ನವೆಂಬರ್ 21ಕ್ಕೆ. ಅಂದರೆ ಒಂದು ತಿಂಗಳ ಯುದ್ಧ. ಆದರೆ ತುರ್ತು ಪರಿಸ್ಥಿತಿ ತೆರವಾಗಿದ್ದು 1968ರ ಜನವರಿ 10ರಂದು. ಐದು ವರ್ಷ ಎರಡೂವರೆ ತಿಂಗಳ ಮೇಲೆ! 1965ರಲ್ಲಿ ಪಾಕಿಸ್ತಾನದ ಜತೆ ಯುದ್ಧವಾದಾಗ ಹೊಸದಾಗಿ ಘೋಷಿಸುವ ಅಗತ್ಯವೇ ಬೀಳಲಿಲ್ಲ, ಹಳೆಯದು ಚಾಲ್ತಿಯಲ್ಲೇ ಇತ್ತು.

ಎರಡನೆಯದು ಬಾಂಗ್ಲಾ ಯುದ್ಧದ್ದು. 1971ರ ಡಿಸೆಂಬರ್ 3ಕ್ಕೆ ಯುದ್ಧ ಆರಂಭ, ಅಂದೇ ಘೋಷಣೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ತುರ್ತು ಪರಿಸ್ಥಿತಿ ಮಾತ್ರ 1977ರ ಮಾರ್ಚ್ 27ರವರೆಗೆ ನಡೆಯಿತು. 1975ರದ್ದು ಇದರ ಮೇಲೆ ಹೇರಿದ ಇನ್ನೊಂದು.

ಎರಡೂ ಅವಧಿ ಕೂಡಿಸಿದರೆ ಹತ್ತೂವರೆ ವರ್ಷವಾಗುತ್ತದೆ. 1962ರ ಅಕ್ಟೋಬರ್‌ನಿಂದ 1977ರ ಮಾರ್ಚ್‌ವರೆಗಿನ ಹದಿನಾಲ್ಕೂವರೆ ವರ್ಷಗಳಲ್ಲಿ ಹತ್ತೂವರೆ ವರ್ಷ ಈ ಗಣರಾಜ್ಯ ಕಾನೂನಿನ ಪ್ರಕಾರ ತುರ್ತು ಪರಿಸ್ಥಿತಿಯಲ್ಲೇ ಇತ್ತು. ಆ ಇಡೀ ಅವಧಿಯಲ್ಲಿ ಕೇಂದ್ರದಲ್ಲಿ ಆಳಿದ್ದು ಕಾಂಗ್ರೆಸ್. ಯುದ್ಧ ಮುಗಿದರೂ ಯುದ್ಧಕ್ಕೆಂದು ಪಡೆದ ಅಧಿಕಾರವನ್ನು ಪಕ್ಷ ವಾಪಸ್ ಕೊಡಲಿಲ್ಲ. ಏಳುಬೀಳಿನ ಗುಟ್ಟು ಬಹುಪಾಲು ಇಲ್ಲೇ ಇದೆ.

1962: ಗೋವಾ ಗೆದ್ದ ಸಚಿವ, ಚೀನಾ ಎದುರು ಸೋತ ಸಚಿವ

1962ರ ಫೆಬ್ರವರಿಯ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶದ ಕಣ್ಣು ಇದ್ದದ್ದು ಉತ್ತರ ಬಾಂಬೆ ಕ್ಷೇತ್ರದ ಮೇಲೆ. ಕಾಂಗ್ರೆಸ್ ಅಭ್ಯರ್ಥಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್. ಎದುರಾಳಿ ಆಚಾರ್ಯ ಜೆ.ಬಿ. ಕೃಪಲಾನಿ. ಸ್ವಾತಂತ್ರ್ಯ ಬಂದ ವರ್ಷ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಇವರು ಈಗ ವಿರೋಧ ಪಕ್ಷಗಳ ಒಮ್ಮತದ ಅಭ್ಯರ್ಥಿ. ಚೀನಾ ಗಡಿಯಲ್ಲಿ ಒಳನುಗ್ಗುತ್ತಿದ್ದರೂ ಮೆನನ್ ಕಣ್ಣುಮುಚ್ಚಿ ಕುಳಿತಿದ್ದಾರೆ ಎಂಬುದು ಕೃಪಲಾನಿ ಅವರ ಮುಖ್ಯ ಆರೋಪ.

ಮತದಾರರು ಕಿವಿಗೊಡಲಿಲ್ಲ. ಎರಡೇ ತಿಂಗಳ ಹಿಂದೆ, 1961ರ ಡಿಸೆಂಬರ್‌ನಲ್ಲಿ, ಭಾರತೀಯ ಸೇನೆ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡಿತ್ತು. ಗೋವಾದ ನಂಟಿರುವ ಮನೆಗಳು ಮುಂಬೈನ ಬೀದಿಬೀದಿಯಲ್ಲಿವೆ. ಸ್ವತಃ ನೆಹರೂ ಮೆನನ್ ಬೆನ್ನಿಗೆ ನಿಂತರು. ದಿಲೀಪ್ ಕುಮಾರ್ ಅವರಂಥ ಸಿನಿಮಾ ತಾರೆಯರು ಪ್ರಚಾರ ಮಾಡಿದರು. ಕೃಪಲಾನಿ ಪಡೆದದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಮತ ಪಡೆದು ಮೆನನ್ ಗೆದ್ದರು. ದೇಶದಲ್ಲೂ ಕಾಂಗ್ರೆಸ್‌ಗೆ 361 ಸ್ಥಾನ.

ಆ ಗೆಲುವಿನ ಆಯುಸ್ಸು ಎಂಟು ತಿಂಗಳು. ಅಕ್ಟೋಬರ್‌ನಲ್ಲಿ ಚೀನಾ ದಾಳಿ ಮಾಡಿದಾಗ ಚಳಿಗೆ ಬೇಕಾದ ಬಟ್ಟೆಯೂ ಸರಿಯಾಗಿ ಇಲ್ಲದೆ ಸೈನಿಕರು ಎತ್ತರದ ಠಾಣೆಗಳಲ್ಲಿ ನಿಂತಿದ್ದರು. ಸೇನೆ ಮತ್ತು ಸಚಿವರ ನಡುವಿನ ಬಿರುಕು ಹೊಸತೇನಲ್ಲ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ಮೆನನ್ ಜತೆಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟು, ನೆಹರೂ ಮನವೊಲಿಸಿದ ಮೇಲೆ ಹಿಂಪಡೆದಿದ್ದರು. ಆ ಸುದ್ದಿ 1962ರಲ್ಲಿ ಎಲ್ಲರಿಗೂ ನೆನಪಾಯಿತು. ನವೆಂಬರ್ ಮೊದಲ ವಾರ ಮೆನನ್ ಸಂಪುಟದಿಂದ ಹೊರಬಿದ್ದರು. ಅವರ ಜಾಗಕ್ಕೆ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣ್ ದೆಹಲಿಗೆ ಹೋದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಧಾವಿಸಿತು ಎಂದು ಮರಾಠಿಗರು ಈಗಲೂ ಹೇಳುವುದು ಇದನ್ನೇ.

ಮರುವರ್ಷ ಕೃಪಲಾನಿ ಉತ್ತರ ಪ್ರದೇಶದ ಅಮ್ರೋಹಾ ಉಪಚುನಾವಣೆ ಗೆದ್ದು ಲೋಕಸಭೆಗೆ ಮರಳಿದರು. 1963ರ ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಮಂಡಿಸಿದರು. ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಅದು. ಬಿದ್ದುಹೋಯಿತು, ಆ ಮಾತು ಬೇರೆ.

ಯುದ್ಧದ ನಿಯಮ ಅಕ್ಕಸಾಲಿಗನ ಅಂಗಡಿಗೆ ಬಂದಾಗ

ತುರ್ತು ಪರಿಸ್ಥಿತಿಯ ಜತೆಗೇ ಬಂದದ್ದು ಭಾರತ ರಕ್ಷಣಾ ಕಾಯಿದೆ ಮತ್ತು ಅದರ ನಿಯಮಗಳು. ವಿಚಾರಣೆ ಇಲ್ಲದೆ ಬಂಧಿಸಿಡಲು ಸರ್ಕಾರಕ್ಕೆ ಅಧಿಕಾರ ಸಿಕ್ಕಿತು. ಬಂಧಿತರು ಕೋರ್ಟಿಗೆ ಹೋಗುವ ದಾರಿಯನ್ನೂ ರಾಷ್ಟ್ರಪತಿ ಆದೇಶ ಬಹುಮಟ್ಟಿಗೆ ಮುಚ್ಚಿತು.

ಚೀನಾ ಪರ ಒಲವಿದೆ ಎಂದು ಕಮ್ಯುನಿಸ್ಟರನ್ನು ಬಂಧಿಸಿದ್ದನ್ನು ಯುದ್ಧದ ಬಿಸಿಯಲ್ಲಿ ಜನ ಒಪ್ಪಿಕೊಂಡರು. ಆದರೆ ಯುದ್ಧ ಮುಗಿದು ಎರಡು ವರ್ಷವಾದ ಮೇಲೂ, 1964ರ ಕೊನೆಯಲ್ಲಿ, ಇದೇ ನಿಯಮದಡಿ ಮತ್ತೆ ದೊಡ್ಡ ಪ್ರಮಾಣದ ಬಂಧನ ನಡೆಯಿತು. ಪರಿಣಾಮ ನೋಡಿ: 1965ರ ಮಾರ್ಚ್‌ನ ಕೇರಳ ವಿಧಾನಸಭಾ ಚುನಾವಣೆಯಲ್ಲಿ 40 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾದದ್ದು ಸಿಪಿಎಂ. ಗೆದ್ದವರಲ್ಲಿ ಹಲವರು ಜೈಲಿನಲ್ಲೇ ಇದ್ದರು. ಸರ್ಕಾರವೇ ರಚನೆಯಾಗಲಿಲ್ಲ.

ಮುಂಬೈನ ಮಧ್ಯಮ ವರ್ಗಕ್ಕೆ ಯುದ್ಧದ ನಿಯಮ ತಟ್ಟಿದ್ದು ಇನ್ನೊಂದು ಬಾಗಿಲಿನಿಂದ. 1963ರ ಜನವರಿಯಲ್ಲಿ ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದರು. ಅದನ್ನು ತಂದದ್ದು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲೇ! 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿಲ್ಲ ಎಂದಾಯಿತು. ವಿದೇಶಿ ವಿನಿಮಯ ಉಳಿಸಬೇಕು, ಚಿನ್ನದ ಕಳ್ಳಸಾಗಣೆ ತಡೆಯಬೇಕು ಎಂಬ ಕಾರಣದಲ್ಲಿ ಹುರುಳಿತ್ತು. ಆದರೆ ನಮ್ಮಲ್ಲಿ ಮಗಳ ಮದುವೆಗೆ 14 ಕ್ಯಾರೆಟ್ ತಾಳಿ ಮಾಡಿಸುವವರು ಯಾರು? ಕುಲಕಸುಬನ್ನೇ ನಂಬಿದ್ದ ಅಕ್ಕಸಾಲಿಗರು ದೇಶದ ಉದ್ದಗಲಕ್ಕೂ ಕೆಲಸ ಕಳೆದುಕೊಂಡರು. ಬೇಸತ್ತು ಆತ್ಮಹತ್ಯೆ ಮಾಡಿಕೊಂಡವರೂ ಇದ್ದರು. ಕ್ಯಾರೆಟ್ ನಿರ್ಬಂಧ ಆಮೇಲೆ ಸಡಿಲವಾಯಿತು. ಆದರೆ ಯುದ್ಧದ ನಿಯಮವಾಗಿ ಬಂದ ಚಿನ್ನ ನಿಯಂತ್ರಣ 1968ರಲ್ಲಿ ಪ್ರತ್ಯೇಕ ಕಾಯಿದೆಯಾಗಿ, 1990ರವರೆಗೂ ಉಳಿಯಿತು.

ಇದರ ಜತೆಗೆ ಖರ್ಚು. ಎರಡೇ ವರ್ಷದಲ್ಲಿ ರಕ್ಷಣಾ ವೆಚ್ಚ ದುಪ್ಪಟ್ಟಿಗಿಂತ ಹೆಚ್ಚಾಯಿತು. 1964ರ ಮೇ 27ರಂದು ನೆಹರೂ ತೀರಿಕೊಂಡರು. 1965ರ ಯುದ್ಧದಲ್ಲಿ ಶಾಸ್ತ್ರಿ ಅವರು ಜೈ ಜವಾನ್ ಜೈ ಕಿಸಾನ್ ಎಂದು ದೇಶವನ್ನು ಹುರಿದುಂಬಿಸಿದರು, ವಾರಕ್ಕೊಂದು ರಾತ್ರಿ ಊಟ ಬಿಡಿ ಎಂದು ಕೇಳಿಕೊಂಡರು. ಜನ ಬಿಟ್ಟರು ಕೂಡ. ಆದರೆ ಅದೇ ಹೊತ್ತಿಗೆ ಸಾಲಾಗಿ ಎರಡು ವರ್ಷ ಬರ ಬಿತ್ತು. ಅಮೆರಿಕದ ಗೋಧಿ ಹಡಗಿನಲ್ಲಿ ಬಂದಿಳಿದರೆ ಪಡಿತರ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ. 1966ರ ಜನವರಿ 11ರಂದು ತಾಷ್ಕೆಂಟ್‌ನಲ್ಲಿ ಶಾಸ್ತ್ರಿ ನಿಧನರಾದರು. ಪ್ರಧಾನಿಯಾದ ಇಂದಿರಾ ಗಾಂಧಿ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ ಮಾಡಿದರು. ಡಾಲರ್ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು.

1967: 'ಹೊರಗಿನವ' ಮೆನನ್, ಮಂಗಳೂರಿನ ಜಾರ್ಜ್

ಎರಡು ಯುದ್ಧ, ಎರಡು ಬರ, ಇಬ್ಬರು ಪ್ರಧಾನಿಗಳ ಸಾವಿನ ನಂತರ 1967ರ ಫೆಬ್ರವರಿಯಲ್ಲಿ ಚುನಾವಣೆ ಬಂತು. ಒಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಚೀನಾ ಯುದ್ಧದ ತುರ್ತು ಪರಿಸ್ಥಿತಿ ಆಗಲೂ ಜಾರಿಯಲ್ಲಿತ್ತು.

ಕ್ಷೇತ್ರಗಳ ಮರುವಿಂಗಡಣೆಯಾಗಿ ಘಾಟ್ಕೋಪರ್ ಸೇರಿದಂತೆ ಪೂರ್ವ ಉಪನಗರಗಳು ಬಾಂಬೆ ಈಶಾನ್ಯ ಕ್ಷೇತ್ರಕ್ಕೆ ಬಂದಿದ್ದವು. ಮೆನನ್ ಟಿಕೆಟ್ ಕೇಳಿದರು. ಮುಂಬೈ ಕಾಂಗ್ರೆಸ್ಸನ್ನು ಕೈಯಲ್ಲಿಟ್ಟುಕೊಂಡಿದ್ದ ಎಸ್.ಕೆ. ಪಾಟೀಲ್ ಬಣ ಕೊಡಲಿಲ್ಲ. ಮೆನನ್ ಹೊರಗಿನವರು, ಮಹಾರಾಷ್ಟ್ರದವರಲ್ಲ ಎಂಬುದು ಹೇಳಿದ ಕಾರಣ. 1957 ಮತ್ತು 1962ರಲ್ಲಿ ಇದೇ ನಗರದಿಂದ ಗೆದ್ದಿದ್ದಾಗ ಅವರು ಎಲ್ಲಿಯವರಾಗಿದ್ದರೋ! ಪಕ್ಷ ಕಣಕ್ಕಿಳಿಸಿದ್ದು ಮಾಜಿ ಐಸಿಎಸ್ ಅಧಿಕಾರಿ, ರಾಜ್ಯದಲ್ಲಿ ಮಂತ್ರಿಯಾಗಿದ್ದ ಎಸ್.ಜಿ. ಬರ್ವೆ ಅವರನ್ನು. ಮೆನನ್ ಪಕ್ಷ ಬಿಟ್ಟು ಸ್ವತಂತ್ರರಾಗಿ ನಿಂತರು.

ಈ 'ಹೊರಗಿನವ' ಎಂಬ ಮಾತು ಮುಂಬೈನ ಕನ್ನಡಿಗರಿಗೆ, ತುಳುವರಿಗೆ ಚೆನ್ನಾಗಿ ಪರಿಚಯವಿದ್ದದ್ದೇ. 1966ರ ಜೂನ್ 19ರಂದು ಹುಟ್ಟಿದ ಶಿವಸೇನೆ ದಕ್ಷಿಣ ಭಾರತೀಯರು ಮರಾಠಿಗರ ಕೆಲಸ ಕಿತ್ತುಕೊಳ್ಳುತ್ತಿದ್ದಾರೆ ಎಂದು ಅಬ್ಬರಿಸುತ್ತಿತ್ತು. ಬಾಳ ಠಾಕ್ರೆ ಅವರ 'ಮಾರ್ಮಿಕ್' ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನೇ ಅಚ್ಚು ಹಾಕುತ್ತಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕಾಲ ಅದು. ಹುಟ್ಟಿ ಎಂಟು ತಿಂಗಳಾಗಿದ್ದ ಶಿವಸೇನೆ ಬಾಂಬೆ ಈಶಾನ್ಯದಲ್ಲಿ ಮೆನನ್ ವಿರುದ್ಧ ಪ್ರಚಾರಕ್ಕಿಳಿಯಿತು.

ಬರ್ವೆ ಸುಮಾರು 13 ಸಾವಿರ ಮತಗಳಿಂದ ಗೆದ್ದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಏಪ್ರಿಲ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಸೋದರಿ ತಾರಾ ಸಪ್ರೆ ಕಾಂಗ್ರೆಸ್‌ನಿಂದ ನಿಂತು ಮೆನನ್ ಅವರನ್ನು ಮತ್ತೆ ಸೋಲಿಸಿದರು. ಐದು ವರ್ಷದ ಹಿಂದೆ ಲಕ್ಷಕ್ಕೂ ಮೀರಿದ ಅಂತರದಲ್ಲಿ ಗೆದ್ದಿದ್ದ ನಾಯಕ ಮುಂಬೈ ಬಿಟ್ಟರು. ಮುಂದೆ ಬಂಗಾಳದ ಮಿಡ್ನಾಪುರ, ಕೇರಳದ ತಿರುವನಂತಪುರಗಳಿಂದ ಲೋಕಸಭೆಗೆ ಹೋದರು.

ಘಾಟ್ಕೋಪರ್‌ನಲ್ಲಿ ಪಕ್ಷ ಉಳಿಯಿತು, ನಗರದ ಇನ್ನೊಂದು ತುದಿಯಲ್ಲಿ ಉರುಳಿತು. ಮೆನನ್‌ಗೆ ಟಿಕೆಟ್ ತಪ್ಪಿಸಿದ ಎಸ್.ಕೆ. ಪಾಟೀಲ್ ಅವರೇ ಬಾಂಬೆ ದಕ್ಷಿಣದಲ್ಲಿ ಸೋತರು. ಸೋಲಿಸಿದವರು ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿ ಬಿಟ್ಟು, 1949ರಲ್ಲಿ ಬರಿಗೈಲಿ ಮುಂಬೈಗೆ ಬಂದಿದ್ದ 36 ವರ್ಷದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್. ಹೊರಗಿನವರನ್ನು ಬೇಡ ಎನ್ನುತ್ತಿದ್ದ ನಗರ ಅದೇ ತಿಂಗಳು ಕರಾವಳಿಯ ಹುಡುಗನನ್ನು ಆರಿಸಿತು. ಮುಂಬೈ ರಾಜಕಾರಣಕ್ಕೆ ಒಂದೇ ಸೂತ್ರ ಹಚ್ಚಹೊರಟವರು ಈ ಎರಡು ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ದೇಶದಲ್ಲಿ ಕಾಂಗ್ರೆಸ್ 361ರಿಂದ 283ಕ್ಕೆ ಇಳಿಯಿತು. ಮದರಾಸಿನಿಂದ ಪಂಜಾಬ್‌ವರೆಗೆ ಹಲವು ರಾಜ್ಯಗಳು ಕೈತಪ್ಪಿದವು.

ಲಾಲ್‌ಬಾಗ್‌ನಲ್ಲಿ ಬಿದ್ದ ಬಿರುಕು

ಪಕ್ಷ ಇಬ್ಭಾಗವಾದ ಕಥೆಗೆ ಕರ್ನಾಟಕವೇ ವೇದಿಕೆ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಹಿರಿಯರ ಗುಂಪು ಇಂದಿರಾ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿ ಅವರನ್ನು ರಾಷ್ಟ್ರಪತಿ ಅಭ್ಯರ್ಥಿ ಎಂದಿತು. ದೆಹಲಿಗೆ ಮರಳಿದ ಇಂದಿರಾ ಮೊರಾರ್ಜಿ ಅವರ ಹಣಕಾಸು ಖಾತೆ ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು.

ಯಾರು ಯಾರನ್ನು ಹೊರಹಾಕಿದರು ಎಂಬುದನ್ನು ಮತದಾರರು ತೀರ್ಮಾನಿಸಿದ್ದು 1971ರ ಮಾರ್ಚ್‌ನಲ್ಲಿ. ಇಂದಿರಾ ಬಣಕ್ಕೆ 352 ಸ್ಥಾನ. ಮೈಸೂರು ರಾಜ್ಯದ 27ಕ್ಕೆ 27 ಅವರದ್ದೇ, ನಿಜಲಿಂಗಪ್ಪ ಬಣಕ್ಕೆ ತವರಲ್ಲೇ ಸೊನ್ನೆ. ಬಾಂಬೆ ಈಶಾನ್ಯದಲ್ಲಿ ಗೆದ್ದವರು ಕಾಂಗ್ರೆಸ್ಸಿನ ಕಾರ್ಮಿಕ ನಾಯಕ ರಾಜಾ ಕುಲಕರ್ಣಿ. ಜಾರ್ಜ್ ಬಾಂಬೆ ದಕ್ಷಿಣದಲ್ಲಿ ಸೋತರು.

ಬಾಂಗ್ಲಾ ಯುದ್ಧ ಗೆದ್ದಿದ್ದಕ್ಕೆ ಇಂದಿರಾಗೆ 1971ರಲ್ಲಿ ಭಾರೀ ಬಹುಮತ ಬಂತು ಎಂದು ಎಷ್ಟೋ ಕಡೆ ಓದುತ್ತೇವೆ. ದಿನಾಂಕ ನೋಡಿದರೆ ಅದು ಸರಿಯಲ್ಲ. ಮತದಾನ ನಡೆದದ್ದು ಮಾರ್ಚ್ ಮೊದಲ ಹತ್ತು ದಿನಗಳಲ್ಲಿ, ಯುದ್ಧವಾದದ್ದು ಡಿಸೆಂಬರ್‌ನಲ್ಲಿ. ಗೆಲ್ಲಿಸಿದ್ದು 'ಗರೀಬಿ ಹಟಾವೊ'. 1968ರ ಜನವರಿಯಿಂದ 1971ರ ಡಿಸೆಂಬರ್‌ವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿಯೂ ಇರಲಿಲ್ಲ. 1962ರ ಫೆಬ್ರವರಿಯಲ್ಲೂ ಇರಲಿಲ್ಲ. ಪಕ್ಷದ ಎರಡು ದೊಡ್ಡ ಗೆಲುವು ತುರ್ತು ಪರಿಸ್ಥಿತಿ ಇಲ್ಲದಾಗ, 1967 ಮತ್ತು 1977ರ ಎರಡು ಹೊಡೆತ ಅದು ಇದ್ದಾಗ. ಒಂದು ವಿನಾಯಿತಿ ಇದೆ: ಯುದ್ಧ ಮುಗಿದ ಮೂರೇ ತಿಂಗಳಲ್ಲಿ, 1972ರ ಮಾರ್ಚ್‌ನಲ್ಲಿ ನಡೆದ ರಾಜ್ಯ ಚುನಾವಣೆಗಳು. ಮಹಾರಾಷ್ಟ್ರದ 270ರಲ್ಲಿ 222, ಮೈಸೂರಿನ 216ರಲ್ಲಿ 165 ಕಾಂಗ್ರೆಸ್ ಪಾಲಾದವು. ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಯುದ್ಧದ ಗೆಲುವು ನೇರವಾಗಿ ಮತವಾದದ್ದು ಇಲ್ಲಿ.

ಆ ಡಿಸೆಂಬರ್‌ನ ಗೆಲುವು ಸಣ್ಣದೇನಲ್ಲ. ಸುಮಾರು 93 ಸಾವಿರ ಮಂದಿ ಸೆರೆಸಿಕ್ಕರು, ಹೊಸ ದೇಶವೇ ಹುಟ್ಟಿತು. ಮುಂಬೈನಲ್ಲಿ ರಾತ್ರಿ ದೀಪ ಆರಿಸಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ.

ಗೆಲುವಿನ ಬಿಲ್

ಯುದ್ಧದ ಖರ್ಚು ಯುದ್ಧಕ್ಕೆ ಮೊದಲೇ ಶುರುವಾಗಿತ್ತು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಸಂಖ್ಯೆ ಒಂದು ಕೋಟಿ ಮುಟ್ಟಿತ್ತು. 1971ರ ನವೆಂಬರ್‌ನಿಂದ ಅಂಚೆಗೆ 5 ಪೈಸೆಯ ನಿರಾಶ್ರಿತರ ಪರಿಹಾರ ಚೀಟಿ ಹೆಚ್ಚುವರಿಯಾಗಿ ಹಚ್ಚಬೇಕಾಯಿತು. ಊರಿಗೆ ಕಾಗದ ಬರೆದೇ ಬದುಕುತ್ತಿದ್ದ ಹೋಟೆಲ್ ಹುಡುಗರ ಜೇಬಿನಿಂದಲೂ ಈ ಐದು ಪೈಸೆ ಹೋಯಿತು. ಯುದ್ಧ ಮುಗಿದು ವರ್ಷ ದಾಟಿದರೂ ಅದು ಮುಂದುವರಿಯಿತು.

1972ರಲ್ಲಿ ಮಹಾರಾಷ್ಟ್ರಕ್ಕೆ ಭೀಕರ ಬರ. 1973ರ ಅಕ್ಟೋಬರ್‌ನಲ್ಲಿ ಪಶ್ಚಿಮ ಏಷ್ಯಾದ ಯುದ್ಧದಿಂದ ತೈಲ ಬೆಲೆ ನಾಲ್ಕು ಪಟ್ಟು. 1974ರಲ್ಲಿ ಬೆಲೆಯೇರಿಕೆ ಶೇ 25ನ್ನೂ ಮೀರಿತು. ಮುಂಬೈನಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮುಂದಾಳತ್ವದಲ್ಲಿ ಗೃಹಿಣಿಯರು ಲಟ್ಟಣಿಗೆ ಹಿಡಿದು, ಖಾಲಿ ತಟ್ಟೆ ಬಡಿಯುತ್ತ ಬೀದಿಗಿಳಿದರು. ಢಾಕಾ ಗೆದ್ದ ಸರ್ಕಾರಕ್ಕೆ ಅಡುಗೆ ಎಣ್ಣೆ ಒದಗಿಸಲು ಆಗಲಿಲ್ಲ ಎಂಬುದು ಆ ತಟ್ಟೆಯ ಸದ್ದಿನ ಅರ್ಥ.

ಇದಕ್ಕೆಲ್ಲ ಸರ್ಕಾರದ ಬಳಿ ಇದ್ದ ಉತ್ತರ ಮತ್ತೆ ಯುದ್ಧದ ಕಾನೂನು. 1974ರ ಮೇ 8ರಂದು ಶುರುವಾದ ರೈಲ್ವೆ ಮುಷ್ಕರದ ನಾಯಕ ಜಾರ್ಜ್ ಫರ್ನಾಂಡಿಸ್. ಅವರನ್ನು ಮುಷ್ಕರಕ್ಕೆ ಮೊದಲೇ ಬಂಧಿಸಲಾಯಿತು. ಭಾರತ ರಕ್ಷಣಾ ನಿಯಮಗಳಡಿ ಮುಷ್ಕರವೇ ಅಕ್ರಮ ಎನಿಸಿತು, ಸಾವಿರಾರು ಕಾರ್ಮಿಕರು ಜೈಲು ಸೇರಿದರು. ಗಡಿಯಲ್ಲಿ ಗುಂಡು ನಿಂತು ಎರಡೂವರೆ ವರ್ಷವಾಗಿತ್ತು. ಬಾಂಗ್ಲಾ ಬಿಕ್ಕಟ್ಟಿನ ನಡುವೆ 1971ರಲ್ಲಿ ತಂದ ಮೀಸಾ ಕಾಯಿದೆಯನ್ನು 1974ರಲ್ಲಿ ಮುಂಬೈನ ಕಳ್ಳಸಾಗಣೆದಾರರ ಮೇಲೂ ಪ್ರಯೋಗಿಸಿದರು. ಆಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ಅದೇ ಕಾಯಿದೆ ಪತ್ರಕರ್ತರ, ಪ್ರಾಧ್ಯಾಪಕರ, ಶಾಸಕರ ಮನೆ ಬಾಗಿಲಿಗೆ ಬಂತು.

ಒಂದರ ಮೇಲೆ ಇನ್ನೊಂದು

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಆಯ್ಕೆಯನ್ನು ಅಸಿಂಧುಗೊಳಿಸಿತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಈ ಸಲದ ಕಾರಣ 'ಆಂತರಿಕ ಗೊಂದಲ'. ಬಾಹ್ಯ ಆಕ್ರಮಣದ ಒಂದು ಘೋಷಣೆ ಇರುವಾಗಲೇ ಇನ್ನೊಂದು ಹೊರಡಿಸಬಹುದೇ ಎಂಬ ಪ್ರಶ್ನೆ ಏಳದಂತೆ 38ನೇ ತಿದ್ದುಪಡಿ ತಂದರು. ಎರಡೂ ಒಟ್ಟಿಗೆ ಇರಬಹುದು, ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ಬರೆದುಕೊಂಡರು. 1976ರ ಮಾರ್ಚ್‌ಗೆ ಮುಗಿಯಬೇಕಿದ್ದ ಲೋಕಸಭೆಯ ಅವಧಿಯನ್ನು ಎರಡು ಸಲ ವಿಸ್ತರಿಸಿದರು. ಸಂವಿಧಾನದ ಪ್ರಕಾರ ಹೀಗೆ ವಿಸ್ತರಿಸಲು ತುರ್ತು ಪರಿಸ್ಥಿತಿ ಜಾರಿಯಲ್ಲಿರಲೇಬೇಕು.

ಆ ಜೂನ್ 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅಲ್ಲೇ ಬಂಧನಕ್ಕೊಳಗಾದರು. ಭೂಗತರಾದ ಜಾರ್ಜ್ ಎಲ್ಲಿದ್ದಾರೆಂದು ತಿಳಿಯಲು ಪೊಲೀಸರು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಅದೇ ನಗರದ ಜೈಲಿನಲ್ಲಿ ಅಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಪ್ರಾಣಬಿಟ್ಟರು. ಮೀಸಾ ಅಡಿ ಬಂಧಿತರಾದವರು ಸುಮಾರು 35 ಸಾವಿರ ಎಂದು ಮುಂದೆ ಶಾ ಆಯೋಗ ಲೆಕ್ಕ ಕೊಟ್ಟಿತು. ಬದುಕುವ ಹಕ್ಕಿಗಾಗಿಯೂ ಈಗ ಕೋರ್ಟಿಗೆ ಬರುವಂತಿಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ.

ಘಾಟ್ಕೋಪರ್ ಆಸುಪಾಸಿನಲ್ಲಿ ತುರ್ತು ಪರಿಸ್ಥಿತಿಯ ಮುಖ ಬುಲ್ಡೋಜರ್. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮಾನ್‌ಖುರ್ದ್ ಬಳಿ ಜನತಾ ಕಾಲೊನಿ ಎಂಬ ದೊಡ್ಡ ವಸತಿ ಇತ್ತು. ಪಕ್ಕದ ಭಾಭಾ ಅಣುಶಕ್ತಿ ಕೇಂದ್ರಕ್ಕೆ ಜಾಗ ಬೇಕಿತ್ತು. ನಿವಾಸಿಗಳು ವರ್ಷಗಟ್ಟಲೆ ಹೋರಾಡಿ ತಡೆದಿದ್ದರು. 1976ರ ಮೇ ತಿಂಗಳಲ್ಲಿ ಪೊಲೀಸ್ ಕಾವಲಿನಲ್ಲಿ ಕಾಲೊನಿಯನ್ನು ನೆಲಸಮ ಮಾಡಿ, ಸುಮಾರು 70 ಸಾವಿರ ಜನರನ್ನು ಚೀತಾ ಕ್ಯಾಂಪ್‌ಗೆ ಸಾಗಿಸಲಾಯಿತು. ಅವರಲ್ಲಿ ದಕ್ಷಿಣದಿಂದ ಕೂಲಿಗೆ ಬಂದವರೇ ಬಹಳ. ಅದೇ ವರ್ಷ ಮಹಾರಾಷ್ಟ್ರ ವಿಧಾನಮಂಡಲ ಕಡ್ಡಾಯ ಸಂತಾನಹರಣ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಷ್ಟ್ರಪತಿ ಅಂಕಿತ ಸಿಗದೆ ಅದು ಕಾನೂನಾಗಲಿಲ್ಲ. ಮೆನನ್ ವಿರುದ್ಧ ಅಬ್ಬರಿಸಿದ್ದ ಶಿವಸೇನೆ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತು.

1977: ಆರಕ್ಕೆ ಆರು

1977ರ ಜನವರಿ 18ರಂದು ಇಂದಿರಾ ಇದ್ದಕ್ಕಿದ್ದಂತೆ ಚುನಾವಣೆ ಘೋಷಿಸಿದರು. ಏಕೆ ಎಂಬುದಕ್ಕೆ ಇತಿಹಾಸಕಾರರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಗೆಲ್ಲುತ್ತೇವೆ ಎಂದುಕೊಂಡಿದ್ದರು ಎಂಬುದಂತೂ ನಂಬುವ ಮಾತು. ಸುದ್ದಿಗೆ ಸೆನ್ಸಾರ್ ಹಾಕಿಕೊಂಡ ಸರ್ಕಾರಕ್ಕೆ ಸುದ್ದಿ ಸಿಗುವುದಾದರೂ ಎಲ್ಲಿಂದ?

ಬಾಂಬೆ ಈಶಾನ್ಯದಲ್ಲಿ ಜನತಾ ಪಕ್ಷದ ಅಭ್ಯರ್ಥಿ ಸುಬ್ರಮಣಿಯನ್ ಸ್ವಾಮಿ. ಬಂಧನದ ಆದೇಶವಿದ್ದರೂ ವೇಷ ಬದಲಿಸಿ ತಿರುಗಿದವರು. 1976ರ ಆಗಸ್ಟ್ 10ರಂದು ಏಕಾಏಕಿ ರಾಜ್ಯಸಭೆಯಲ್ಲಿ ಕಾಣಿಸಿಕೊಂಡು, ಎದ್ದು ನಿಂತು ಮಾತಾಡಿ, ಪೊಲೀಸರಿಗೆ ಸಿಗದೆ ಮಾಯವಾದವರು. ಮದರಾಸು ಮೂಲದ ತಮಿಳಿಗ. ಹತ್ತು ವರ್ಷದ ಹಿಂದೆ ಮಲಯಾಳಿ ಎಂದು ಮೆನನ್‌ಗೆ ಬಾಗಿಲು ಮುಚ್ಚಿದ್ದ ಕ್ಷೇತ್ರ ಈ ತಮಿಳಿಗನನ್ನು ಗೆಲ್ಲಿಸಿತು.

ಮುಂಬೈನ ಆರೂ ಸ್ಥಾನ ಜನತಾ ಪಕ್ಷ ಮತ್ತು ಅದರ ಮಿತ್ರರಿಗೆ ಹೋದವು. ಲಟ್ಟಣಿಗೆ ಮೋರ್ಚಾದ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಇಬ್ಬರೂ ಸಂಸದರಾದರು. ಜೈಲಿನಲ್ಲಿದ್ದ ಜಾರ್ಜ್ ಬಿಹಾರದ ಮುಜಫ್ಫರ್‌ಪುರಕ್ಕೆ ಕಾಲಿಡದೆಯೇ ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ರಾಯ್‌ಬರೇಲಿಯಲ್ಲಿ ಪ್ರಧಾನಿಯೇ ಸೋತರು. ಕಾಂಗ್ರೆಸ್‌ಗೆ ಉಳಿದದ್ದು 154. ಮಾರ್ಚ್ 21ಕ್ಕೆ ಆಂತರಿಕ ತುರ್ತು ಪರಿಸ್ಥಿತಿ ತೆರವಾಯಿತು, 27ಕ್ಕೆ ಬಾಂಗ್ಲಾ ಯುದ್ಧದ್ದೂ ಕೊನೆಗೊಂಡಿತು.

ಕರ್ನಾಟಕ ಮಾತ್ರ ಬೇರೆ ದಾರಿ ಹಿಡಿಯಿತು. ಇಲ್ಲಿನ 28ರಲ್ಲಿ 26 ಕಾಂಗ್ರೆಸ್‌ಗೆ. ಗೇಣಿದಾರರಿಗೆ ಭೂಮಿ ಕೊಡಿಸಿದ 1974ರ ತಿದ್ದುಪಡಿ, ಹಿಂದುಳಿದ ವರ್ಗಗಳಿಗೆ ಹಾವನೂರು ಆಯೋಗ, ಇವೆರಡರಿಂದ ಅರಸು ಸರ್ಕಾರದ ಬಗ್ಗೆ ಹಳ್ಳಿಗಳಲ್ಲಿ ಬೇರೆಯದೇ ಲೆಕ್ಕವಿತ್ತು. ಮುಂಬೈನ ಹೋಟೆಲಿನಲ್ಲಿ ದುಡಿಯುವ ಅಣ್ಣ ಜನತಾಗೆ, ಊರಲ್ಲಿ ಗೇಣಿ ಜಮೀನು ಸ್ವಂತದ್ದಾದ ತಮ್ಮ ಕಾಂಗ್ರೆಸ್‌ಗೆ ಮತ ಹಾಕಿದ ಮನೆಗಳು ಇದ್ದಿರಲೇಬೇಕು. ಮುಂದಿನ ವರ್ಷದ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡ ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಲೋಕಸಭೆಗೆ ಮರಳಿದರು. ಸೋತವರು ವೀರೇಂದ್ರ ಪಾಟೀಲ್.

ಜನತಾ ಸರ್ಕಾರ ಎರಡೂವರೆ ವರ್ಷವೂ ಬಾಳಲಿಲ್ಲ. ಆದರೆ ಅದು ಮಾಡಿಟ್ಟ ಒಂದು ಕೆಲಸ ಇಂದಿಗೂ ಇದೆ. 1978ರ 44ನೇ ತಿದ್ದುಪಡಿ 'ಆಂತರಿಕ ಗೊಂದಲ' ಎಂಬ ಪದವನ್ನು ತೆಗೆದು 'ಸಶಸ್ತ್ರ ದಂಗೆ' ಎಂದು ಬದಲಿಸಿತು. ಪ್ರಧಾನಿ ಒಬ್ಬರೇ ನಿರ್ಧರಿಸುವಂತಿಲ್ಲ, ಇಡೀ ಸಂಪುಟದ ಲಿಖಿತ ಸಲಹೆ ಬೇಕು. ಒಂದು ತಿಂಗಳೊಳಗೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಘೋಷಣೆ ಆರು ತಿಂಗಳಿಗೊಮ್ಮೆ ಸಂಸತ್ತಿನ ಮುಂದೆ ಬಂದು ಮತ್ತೆ ಒಪ್ಪಿಗೆ ಪಡೆಯಲೇಬೇಕು. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷದ ತುರ್ತು ಪರಿಸ್ಥಿತಿ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಬದುಕುವ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತು ಮಾಡುವಂತಿಲ್ಲ. ಮುಂದೆ ಕಾರ್ಗಿಲ್ ಸಂಘರ್ಷ ನಡೆದಾಗ ತುರ್ತು ಪರಿಸ್ಥಿತಿ ಘೋಷಣೆಯಾಗಲೇ ಇಲ್ಲ. ಆಗ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್.

1980ರ ಜನವರಿಯಲ್ಲಿ ಇಂದಿರಾ 353 ಸ್ಥಾನಗಳೊಂದಿಗೆ ವಾಪಸಾದರು. ಕರ್ನಾಟಕ 28ರಲ್ಲಿ 27 ಕೊಟ್ಟಿತು. ಘಾಟ್ಕೋಪರ್ ಇರುವ ಬಾಂಬೆ ಈಶಾನ್ಯ ಕ್ಷೇತ್ರ ಮಾತ್ರ ಮತ್ತೊಮ್ಮೆ ಸ್ವಾಮಿ ಅವರನ್ನೇ ಆರಿಸಿತು. ಆ ಸ್ಥಾನ ಕಾಂಗ್ರೆಸ್‌ಗೆ ಮರಳಿದ್ದು 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ನಂತರದ ಚುನಾವಣೆಯಲ್ಲಿ, ಗುರುದಾಸ್ ಕಾಮತ್ ಗೆದ್ದಾಗ.